ಹೈಮಾಸ್ಟ್ ದೀಪದವರ ಸನ್ನಿಧಿಗೆ, ನಮ್ಮ ಅಂಬಿಕಾಳ ನಿದ್ದೆಯ ವಿಷಯವಾಗಿ

ಮಾನ್ಯರೇ,

ವಾಡಿ ಜಂಕ್ಷನ್ನಿನ ಬೆನ್ನಿಗಿರುವ ಸಂಜೀವಿನಿ ನೌಕರರ ಬಡಾವಣೆಯ ನಟ್ಟನಡುವೆ, ಮಳೆಗೂ ಬಿಸಿಲಿಗೂ ಸಿಮೆಂಟಿನ ಧೂಳಿಗೂ ಅಂಜದೆ ನಾಲ್ಕು ದಿಕ್ಕಿಗೂ ಮುಖ ಮಾಡಿ ನಿಂತಿರುವ ಎತ್ತರದ ಕಂಬದ ದೀಪದವರಾದ ತಮಗೆ, ತಮ್ಮ ಎದುರು ಮನೆಯಲ್ಲಿ ಹೊಲಿಗೆ ಮಾಡಿಕೊಂಡಿರುವ ಶೈಲಶ್ರೀ ಎಂಬವಳು ಎರಡೂ ಕೈ ಜೋಡಿಸಿ, ಆ ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡು ಮಾಡುವ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯ ನನಗಿಲ್ಲ. ಕಿಟಕಿ ಮುಚ್ಚಿದರೂ, ಮುಸುಕು ಹಾಕಿಕೊಂಡರೂ, ರೆಪ್ಪೆಯ ಒಳಗಡೆಯಿಂದಲೇ ತಮ್ಮ ಕ್ಷೇಮಸಮಾಚಾರ ನನಗೆ ಒಂದೇ ಸಮನೆ ತಲುಪುತ್ತಿತ್ತು.

ಮೊದಲಿಗೆ ತಮ್ಮ ಉಪಕಾರವನ್ನು ನೆನೆಯದಿದ್ದರೆ ನಾನು ಕೃತಘ್ನಳಾದೇನು. ತಾವು ಬರುವ ಮುಂಚೆ ಸ್ಟೇಷನ್ನಿನಿಂದ ನಮ್ಮ ಬಡಾವಣೆಗೆ ಬರುವ ದಾರಿ ಎಷ್ಟು ಕತ್ತಲಾಗಿತ್ತೆಂದರೆ, ತಡವಾದ ಗಾಡಿಯಿಂದ ಇಳಿದ ಹೆಣ್ಣುಮಕ್ಕಳು ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡು ಬರಬೇಕಾಗಿತ್ತು. ಬಡಾವಣೆಯ ಹೆಂಗಸರೆಲ್ಲ ಸೇರಿ ಸಂಘದ ಕಾರ್ಯದರ್ಶಿ ಮಹೇಶಕುಮಾರ ಅವರ ಬೆನ್ನು ಹತ್ತಿದೆವು, ಎರಡು ವರ್ಷದ ಹಿಂದೆ ದಸರೆಗೆ ಮುಂಚೆ ತಾವು ಆಗಮಿಸಿದಿರಿ. ಮಹೇಶಕುಮಾರ ಅವರು ಗುಂಡಿ ಒತ್ತಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು, ಪೇಡೆ ಹಂಚಿದೆವು. ಆ ರಾತ್ರಿ ನಮ್ಮ ಅತ್ತೆ ಬಸ್ಸಮ್ಮನವರು ಅಂಗಳದಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆಯ ಹರಳು ಆರಿಸಿ ತೆಗೆದರು. ಹಗಲಿನಲ್ಲಿ ಕಾಣದಿದ್ದ ಹರಳುಗಳು ಸಹ ಸಿಕ್ಕವಂತೆ.

ತಮ್ಮ ಪ್ರಭಾವ ಮನುಷ್ಯರಿಗೆ ಮಾತ್ರ ಸೀಮಿತವಾಗಲಿಲ್ಲ ಎಂಬುದನ್ನೂ ದಾಖಲಿಸಬೇಕು. ಪಕ್ಕದ ಮನೆಯ ಹುಂಜ ಬೆಳಗು ಯಾವುದೆಂದು ತಿಳಿಯದೆ, ಯಾವುದಕ್ಕೂ ಇರಲಿ ಎಂದು ಎಲ್ಲ ವೇಳೆಯಲ್ಲಿಯೂ ಕೂಗತೊಡಗಿತು. ಬೇವಿನ ಮರದ ಕಾಗೆಗಳು ರಾತ್ರಿಪಾಳಿ ಆರಂಭಿಸಿದವು. ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿರುವ ನಮ್ಮ ಯಜಮಾನರು ಆನಂದಕುಮಾರ ಅವರು ನಡುರಾತ್ರಿ ಪಾಳಿ ಮುಗಿಸಿ ಮನೆಗೆ ಬಂದು, ಮಧ್ಯಾಹ್ನವಾಯಿತೆಂದು ತಿಳಿದು ಊಟಕ್ಕೆ ಕುಳಿತ ದಿನಗಳೂ ಉಂಟು.

ಆದರೆ ಮಾನ್ಯರೇ, ತಮ್ಮ ಕೃಪೆ ಪೂರ್ತಿಯಾಗಿ ಬಿದ್ದದ್ದು ಮಕ್ಕಳ ಮೇಲೆ. ತಮ್ಮ ಬುಡದಲ್ಲಿ ರಾತ್ರಿಯೆಂಬುದೇ ಇಲ್ಲವೆಂದು ಗೊತ್ತಾದ ಮೇಲೆ ಬಡಾವಣೆಯ ಮಕ್ಕಳು ಊಟ ಮುಗಿಸಿ ಅಲ್ಲಿಗೇ ಬರತೊಡಗಿದರು. ಶಟಲ್ ಆಟ ಬಂತು, ಕ್ರಿಕೆಟ್ ಬಂತು. ಮಕ್ಕಳಿದ್ದಲ್ಲಿಗೆ ಮಜೀದಸಾಬರ ಮಿರ್ಚಿಭಜಿಯ ಗಾಡಿ ಬಂತು. ಗಾಡಿಯ ಪಕ್ಕಕ್ಕೆ ಬಣ್ಣಬಣ್ಣದ ಸಿಹಿನೀರಿನ ಬಾಟಲಿಗಳನ್ನು ಮಂಜುಗಡ್ಡೆಯಲ್ಲಿ ಹುಗಿದಿಟ್ಟ ಡಬ್ಬಿಯೂ ಬಂತು. ಐದನೆಯ ತರಗತಿಯಲ್ಲಿ ಓದುವ ನಮ್ಮ ಮಗಳು ಅಂಬಿಕಾ ಈ ಹೊಸ ರಾಜ್ಯದ ಮೊದಲ ಪ್ರಜೆಯಾದಳು. ಮಜೀದಸಾಬರ ಮೊಮ್ಮಗ ಸೊಹೇಲ್ ಒಂದು ಕಡೆ, ನಮ್ಮ ಅಂಬಿಕಾ ಇನ್ನೊಂದು ಕಡೆ; ನಡುವೆ ಶಟಲ್ ಕಾಕು. ಆಟವೇನೋ ಆಡಿದರು, ಸುಳ್ಳು ಹೇಳಲಾರೆ. ಆದರೆ ಆಡಿದ್ದಕ್ಕಿಂತ ಗಾಡಿಯ ಮುಂದೆ ನಿಂತದ್ದೇ ಹೆಚ್ಚು. ನಾನು ಬಾಗಿಲಲ್ಲಿ ನಿಂತು ಕರೆದರೆ ಒಂದೇ ಉತ್ತರ: "ಬೆಳಕ ಅದಲ್ಲಬೇ ಅವ್ವಾ, ಇನ್ನ ಕತ್ತಲಾಗಿಲ್ಲ!" ತಾವು ಇರುವ ತನಕ ಆ ಮಾತಿಗೆ ಎದುರು ಹೇಳುವುದು ಯಾರಿಂದ ಸಾಧ್ಯ?

ಬೆಳಗ್ಗೆ ನಾನು ಎಬ್ಬಿಸುತ್ತಿದ್ದದ್ದು ಮಗಳನ್ನಲ್ಲ, ಮೂಟೆಯನ್ನು. ಕಣ್ಣು ಮುಚ್ಚಿಕೊಂಡೇ ಹಲ್ಲುಜ್ಜುವಳು, ಕಣ್ಣು ಮುಚ್ಚಿಕೊಂಡೇ ಜಡೆ ಹಾಕಿಸಿಕೊಳ್ಳುವಳು. ರೊಟ್ಟಿ ಇಟ್ಟರೆ ಮುಖ ತಿರುಗಿಸುವಳು. ಶಾಲೆಯ ಬಿಡುವಿನಲ್ಲಿ ಮಾತ್ರ ಹಸಿವು ಹುಲಿಯಂತೆ ಬಂದು ಕುರುಕಲು ಪೊಟ್ಟಣದ ಮೇಲೆ ಬೀಳುತ್ತಿತ್ತು. ಸಂಜೆ ಬಂದವಳು ಆಡುವುದಕ್ಕೆ ಹೋಗದೆ ಪರಸಿ ಕಲ್ಲಿನ ನೆಲದ ಮೇಲೆ ಬಿದ್ದುಕೊಂಡು ನಿದ್ದೆ ಮಾಡುವಳು, ತಾವು ಹೊತ್ತಿಕೊಂಡ ಕೂಡಲೇ ಎದ್ದು ಓಡುವಳು. ಆ ವರ್ಷ ಅವಳ ಲಂಗದ ಸೊಂಟವನ್ನು ನಾನು ಬಿಚ್ಚಿ ಸಡಿಲ ಮಾಡಿದೆ, ಮತ್ತೆ ಬಿಚ್ಚಿದೆ, ಕಡೆಗೆ ಒಳಗೆ ಮಡಚಿದ ಬಟ್ಟೆಯೇ ಮುಗಿಯಿತು. "ಮೈ ತುಂಬಾಕತ್ತದ ಕೂಸಿಗಿ, ನದರ ಹಚ್ಚಬ್ಯಾಡ" ಎಂದು ನಮ್ಮ ಅತ್ತೆಯವರು ದೃಷ್ಟಿ ತಗುಲೀತೆಂದು ನನ್ನನ್ನೇ ಗದರಿಸಿದರು.

ಅವಳ ಕುತ್ತಿಗೆಯ ಹಿಂಭಾಗದಲ್ಲಿ ಒಂದು ಕಪ್ಪು ಪಟ್ಟಿ ಕಾಣಿಸಿಕೊಂಡಿತ್ತು. ನಾನು ಧೂಳೆಂದುಕೊಂಡೆ. ನಮ್ಮ ಊರಲ್ಲಿ ಎಲ್ಲದಕ್ಕೂ ಧೂಳು ಎಂಬ ಕಾರಣ ಸಿದ್ಧವಾಗಿರುತ್ತದೆ. ಕಡಲೆಹಿಟ್ಟು ಹಚ್ಚಿ ತಿಕ್ಕಿದೆ, ನಿಂಬೆಹಣ್ಣು ಹಚ್ಚಿ ತಿಕ್ಕಿದೆ. ಅವಳು "ಉರೀತದಬೇ" ಎಂದು ಅತ್ತಳೇ ಹೊರತು ಕಪ್ಪು ಹೋಗಲಿಲ್ಲ. ಶಾಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆಗೆ ಬಂದವರು ಆ ಕುತ್ತಿಗೆಯನ್ನು ನೋಡಿ, ಚಿತ್ತಾಪುರದಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿ ಎಂದು ಹೇಳಿ ಕಳಿಸಿದರು.

ಅಲ್ಲಿ ಡಾಕ್ಟರ್ ಭಾಗ್ಯಜ್ಯೋತಿ ಎಂಬವರು ಮಗಳ ಕುತ್ತಿಗೆಯ ಮೇಲೆ ಬೆರಳಾಡಿಸಿ, "ಇದು ಮಣ್ಣಲ್ಲರಿ, ಇನ್ನ ಮ್ಯಾಲ ತಿಕ್ಕಬ್ಯಾಡ್ರಿ" ಎಂದರು. ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ ಮಾಡಿಸಿದರು. ಮರುದಿನ ಹೋದಾಗ, ಏನು ತಿನ್ನುತ್ತಾಳೆಂದು ಕೇಳುವರೆಂದುಕೊಂಡು ನಾನು ಉತ್ತರಗಳನ್ನು ಜೋಡಿಸಿಟ್ಟುಕೊಂಡಿದ್ದರೆ, ಅವರು ಕೇಳಿದ್ದೇ ಬೇರೆ.

"ರಾತ್ರಿ ಎಷ್ಟೊತ್ತಿಗಿ ಮಕ್ಕೋತಾಳರಿ?"

ನಾನು ಯಜಮಾನರ ಮುಖ ನೋಡಿದೆ, ಅವರು ಫ್ಯಾನು ನೋಡಿದರು. ಅಂಬಿಕಾಳೇ ಹೇಳಿದಳು: "ನಮ್ಮ ಕಡಿ ರಾತ್ರಿ ಆಗಂಗೇ ಇಲ್ರಿ ಮೇಡಂ. ಹೈಮಾಸ್ಟ್ ಅದ."

ಡಾಕ್ಟರರು ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಸಕ್ಕರಿ ಬ್ಯಾನಿ ಬಂದಿಲ್ರಿ, ಗಾಬರಿ ಆಗಬ್ಯಾಡ್ರಿ. ಆದ್ರ ಗಡಿ ಮ್ಯಾಲ ನಿಂತದ. ಈ ವಯಸ್ಸಿಗಿ ಒಂಬತ್ತ ಹತ್ತ ತಾಸರೆ ನಿದ್ದಿ ಬೇಕು. ನಿದ್ದಿ ಕಡಿಮಿ ಆದ್ರ ಹಸಿವು ಜಾಸ್ತಿ ಆಗ್ತದ, ಹೊಟ್ಟಿ ತುಂಬೇದ ಅನ್ನೋ ಸುದ್ದಿ ಮಿದುಳಿಗಿ ತಡಾ ಮುಟ್ಟತದ. ಅದೂ ರೊಟ್ಟಿ ಪಲ್ಯದ ಹಸಿವಲ್ಲ. ಸಿಹಿ ಬೇಕು, ಕರದಿದ್ದು ಬೇಕು. ಮೈಯಾಗ ಸಕ್ಕರಿ ಸಂಬಾಳಸೋ ಇನ್ಸುಲಿನ್ ಸುದ್ದಾ ಸರಿ ಕೆಲಸ ಮಾಡಂಗಿಲ್ಲ. ಕುತ್ತಿಗಿ ಕಪ್ಪು ಅದರದೇ ಗುರ್ತು."

"ಹಂಗಾದ್ರ ಇದೆಲ್ಲಾ ನಿದ್ದಿದೇ ತಪ್ಪೇನ್ರಿ?" ಎಂದು ಯಜಮಾನರು ಕೇಳಿದರು.

"ನಿದ್ದಿ ಒಂದೇ ಅಂತ ನಾ ಅನ್ನಂಗಿಲ್ರಿ. ತಿನ್ನೋದೂ ಅದ, ಆಟಾನೂ ಅದ, ನಿಮ್ಮ ಮನೆತನದಾಗೂ ಈ ಬ್ಯಾನಿ ಅದ ಅಂದ್ರಿ. ಮನೆತನ ಬದಲಿ ಮಾಡಾಕ ಬರಂಗಿಲ್ಲ. ನಿದ್ದಿ ಬದಲಿ ಮಾಡಾಕ ಬರ್ತದ."

ಮನೆತನವೆಂದರೆ ನಮ್ಮ ಅತ್ತೆಯವರು. ದಿನಾ ಊಟಕ್ಕೆ ಮುಂಚೆ ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುವುದು ಅವರ ನಿತ್ಯಕರ್ಮ. ಅಂಬಿಕಾ ಹುಟ್ಟಿದಾಗಿನಿಂದ ಅದನ್ನು ನೋಡುತ್ತ ಬೆಳೆದವಳು. ಆದರೆ ಚಿತ್ತಾಪುರದಿಂದ ಬಂದ ಆ ಸಂಜೆ, ಅಜ್ಜಿ ಸೂಜಿ ತೆಗೆದಾಗ ಅವಳು ಹತ್ತಿರ ಹೋಗಿ ಕುಳಿತು, ಬಹಳ ಹೊತ್ತು ನೋಡಿ, "ಅಜ್ಜೀ, ನನಗೂ ದಿನಾ ಚುಚ್ತಾರೇನು?" ಎಂದು ಕೇಳಿದಳು.

ಮಾತಿಗೆ ಮಾತು ಜೋಡಿಸುವುದರಲ್ಲಿ ಇಡೀ ಬಡಾವಣೆಯಲ್ಲಿ ಅತ್ತೆಯವರನ್ನು ಸೋಲಿಸಿದವರಿಲ್ಲ. ಅಂಥವರು ಸೂಜಿಯನ್ನು ಹಾಗೇ ಡಬ್ಬಿಯೊಳಗಿಟ್ಟು, ಮೊಮ್ಮಗಳ ತಲೆಯನ್ನು ತೊಡೆಗೆ ಒತ್ತಿಕೊಂಡರು. ನಾನು ಅಡುಗೆಮನೆಗೆ ಹೋಗಿ, ಬೇಡದಿದ್ದರೂ ಉಳ್ಳಾಗಡ್ಡಿ ಹೆಚ್ಚುತ್ತ ಕುಳಿತೆ. ಕಣ್ಣೀರಿಗೆ ಅಷ್ಟಾದರೂ ನೆಪ ಇರಲೆಂದು. ಮಾನ್ಯರೇ, ತಾವು ಅಷ್ಟು ಬೆಳಕು ಚೆಲ್ಲಿದಿರಲ್ಲ, ಆ ಹೊತ್ತಿನಲ್ಲಿ ನಮ್ಮ ಮನೆಯೊಳಗಿದ್ದ ಕತ್ತಲೆ ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ.

ಮರುದಿನದಿಂದ ನಾನು ತಮ್ಮೊಡನೆ ಯುದ್ಧಕ್ಕೆ ನಿಂತೆ. ಸೋಫಾಕ್ಕೆ ಹಾಕುವ ದಪ್ಪ ಬಟ್ಟೆ ತಂದು ಜೋಡಿ ಪದರದ ಪರದೆ ಹೊಲಿದು ಕಿಟಕಿಗೆ ಕಟ್ಟಿದೆ. ಕೋಣೆ ಬಾವಿಯಂತಾಯಿತು. ಅದರ ಪೂರ್ಣ ಲಾಭ ಪಡೆದವರು ಯಜಮಾನರು. ಪಾಳಿ ಮುಗಿಸಿ ಬಂದು ಮಲಗಿದವರನ್ನು ಮುಂದಿನ ಪಾಳಿಗೆ ಎಬ್ಬಿಸುವುದೇ ಕಷ್ಟವಾಯಿತು. ಮಗಳು ಮಾತ್ರ ಕಣ್ಣು ಬಿಟ್ಟುಕೊಂಡೇ ಮಲಗಿರುವಳು. ಬೆಳಕನ್ನೇನೋ ತಡೆದೆ, ಹೊರಗಿನ ಗದ್ದಲವನ್ನು ಯಾವ ಬಟ್ಟೆಯಿಂದ ತಡೆಯಲಿ? ಕಾಕು ಹೊಡೆದ ಸದ್ದು, ನಗು, "ಅಂಬೂ, ಬರ್ತೀಯೇನ?" ಎಂಬ ಕೂಗು. "ನಮ್ಮ ಮನ್ಯಾಗ ನಿದ್ದಿನೂ ಹೋಮ್‌ವರ್ಕ್ ಆಗ್ಯದ" ಎಂದು ಅವಳು ಗೋಡೆಯ ಕಡೆ ತಿರುಗಿ ಅಳುತ್ತಿದ್ದಳು. ಇಡೀ ಓಣಿ ಎಚ್ಚರವಿರುವಾಗ ಒಂದು ಮಗುವಿಗೆ ಮಾತ್ರ ಮಲಗು ಎನ್ನುವುದು ಶಿಕ್ಷೆಯಂತೆ ಕಾಣುತ್ತದೆಂದು ನನಗೆ ಆಗ ಹೊಳೆಯಿತು.

ಆದ್ದರಿಂದ ಮಜೀದಸಾಬರ ಗಾಡಿಯ ಹತ್ತಿರ ಹೋದೆ. ಜಗಳಕ್ಕೆಂದು ಸೆರಗು ಸಿಕ್ಕಿಸಿಕೊಂಡು ಹೋದದ್ದು ನಿಜ. ಅವರು ಭಜಿ ಕರಿಯುವ ಝಾರಿಯನ್ನು ಎಣ್ಣೆಯಿಂದ ಮೇಲೆತ್ತಿ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ತಂಗಿ, ನಾ ಗಾಡಿ ತಗದ್ರ ದೀಪ ಆರತದೇನು?" ಎಂದರು. ಅಷ್ಟಕ್ಕೇ ನಿಲ್ಲಿಸದೆ ದನಿ ತಗ್ಗಿಸಿ, "ನಮ್ಮ ಸೊಹೇಲನ ಮಾಸ್ತರೂ ಹೇಳಿ ಕಳಸ್ಯಾರ, ಪೋರ ಕ್ಲಾಸಿನ್ಯಾಗ ಬರೀ ಮಕ್ಕೋತಾನಂತ. ಅವನ ಪ್ಯಾಂಟಿನ ಗುಂಡಿ ಸುದ್ದಾ ಕೂಡಾವಲ್ದು. ನೀ ಸಂಘದಾಗ ಮಾತಾಡು, ನಾ ನಿನ್ನ ಹಿಂದ ನಿಂದ್ರತೀನಿ" ಎಂದರು. ಜಗಳಕ್ಕೆ ಹೋದವಳು ಒಬ್ಬ ಅಣ್ಣನನ್ನು ಸಂಪಾದಿಸಿಕೊಂಡು ಬಂದೆ.

ಸಂಘದ ಸಭೆಯ ಕಲಾಪವನ್ನು ತಮಗೆ ತಿಳಿಸುವುದು ನನ್ನ ಕರ್ತವ್ಯ, ಏಕೆಂದರೆ ಅಂದಿನ ಆರೋಪಿ ತಾವೇ. ಮಹೇಶಕುಮಾರ ಅವರು ಕೈ ಮುಗಿದು, "ದೀಪ ಬೇಕಂದೋರೂ ನೀವೇ, ಬ್ಯಾಡಂತ ಬಂದೋರೂ ನೀವೇ. ನಾ ಏನ್ ಮಾಡ್ಲೆವ್ವಾ?" ಎಂದು ಕೇಳಿದರು. ಮಕ್ಕಳ ತಾಯಂದಿರು ಆರಿಸಿ ಎಂದರು. ಆಸ್ಪತ್ರೆಯ ಪಾಳಿ ಮುಗಿಸಿ ಹೊತ್ತಲ್ಲದ ಹೊತ್ತಿನಲ್ಲಿ ರೈಲು ಇಳಿದು ಬರುವ ನರ್ಸಮ್ಮ ಎದ್ದು ನಿಂತು, "ದೀಪ ಆರಿಸಿದ್ರ ನಾ ಸ್ಟೇಷನ್ನದಾಗೇ ಮಕ್ಕೋಬೇಕಾಗ್ತದ. ನನಗೂ ಮನಿ ಅದ, ಮಕ್ಕಳವ" ಎಂದರು. ಅದು ಸುಳ್ಳಾಗಿರಲಿಲ್ಲ. ತಮ್ಮನ್ನು ಬೇಡಿ ತಂದದ್ದೇ ಅಂಥವರಿಗಾಗಿ. ನನ್ನ ಮಗಳ ನಿದ್ದೆಗಾಗಿ ಇನ್ನೊಬ್ಬರ ಮಗಳು ಕತ್ತಲಲ್ಲಿ ಹೆದರಿ ನಡೆಯಲಿ ಎಂದು ನಾನು ಹೇಗೆ ಹೇಳಲಿ?

ಆಗ ಮೂಲೆಯ ಕುರ್ಚಿಯಲ್ಲಿ ಮೊದಲಿನಿಂದಲೂ ಗೊರಕೆ ಹೊಡೆಯುತ್ತಿದ್ದ ನಮ್ಮ ಯಜಮಾನರು ಎಚ್ಚರಗೊಂಡು, ಯಾವ ವಿಷಯ ನಡೆದಿದೆಯೆಂದು ಪಕ್ಕದವರನ್ನು ಕೇಳಿ ತಿಳಿದುಕೊಂಡು, "ಸಿಗ್ನಲ್ ದೀಪಕ್ಕ ಒಂದ ಟೊಪ್ಪಿಗಿ ಇರತದಲ್ರಿ. ಡ್ರೈವರನಿಗಿ ಕಾಣ್ತದ, ಊರಿಗೆಲ್ಲಾ ಕಾಣಂಗಿಲ್ಲ. ಇದಕ್ಕೂ ಒಂದ ಹಾಕ್ರಿ" ಎಂದು ಹೇಳಿ ಮತ್ತೆ ಕಣ್ಣು ಮುಚ್ಚಿದರು. ಮದುವೆಯಾದ ಮೇಲೆ ಅವರು ನಿದ್ದೆಯಲ್ಲಿ ಆಡಿದ ಮಾತುಗಳಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ.

ಹಾಗಾಗಿ ಒಂದು ಭಾನುವಾರ ತಮ್ಮನ್ನು ಗರಗರನೆ ಕೆಳಗಿಳಿಸಲಾಯಿತು. ಅಷ್ಟು ಎತ್ತರದಲ್ಲಿದ್ದವರು ನೆಲಕ್ಕೆ ಬಂದಾಗ ಮಕ್ಕಳೆಲ್ಲ ಸುತ್ತ ಕೂಡಿದರು. ತಮ್ಮ ಗಾಜಿನೊಳಗೆ ಸತ್ತ ಹುಳಗಳು ಸೇರುಗಟ್ಟಲೆ ತುಂಬಿದ್ದವು. ಅಂಬಿಕಾ ಬಗ್ಗಿ ನೋಡಿ, "ಪಾಪ, ಇವೂ ಮಕ್ಕೊಂಡಿಲ್ಲ" ಎಂದಳು. ಎಲೆಕ್ಟ್ರಿಷಿಯನ್ನರು ಗಾಜು ಒರೆಸಿ, ಮನೆಗಳ ಕಡೆಯ ದೀಪಗಳಿಗೆ ತಗಡಿನ ಟೊಪ್ಪಿಗೆ ತೊಡಿಸಿ, ಸ್ಟೇಷನ್ನಿನ ದಾರಿಯ ಕಡೆಯವನ್ನು ಹಾಗೆಯೇ ಬಿಟ್ಟು ಮೇಲೇರಿಸಿದರು. ಅಂದಿನಿಂದ ದಾರಿಗೆ ಬೆಳಕು, ಮನೆಗೆ ಕತ್ತಲೆ. ತಮಗೆ ಆ ಟೊಪ್ಪಿಗೆ ಚೆನ್ನಾಗಿ ಒಪ್ಪುತ್ತದೆ ಎಂದು ನಾನು ಮುಖಸ್ತುತಿ ಮಾಡುತ್ತಿಲ್ಲ; ಹೊಲಿಗೆಯವಳ ಕಣ್ಣಿನಿಂದ ನೋಡಿ ಹೇಳುತ್ತಿದ್ದೇನೆ.

ಮಜೀದಸಾಬರು ಗಾಡಿಯ ವೇಳೆ ಬದಲಿಸಿ, ಶಾಲೆ ಬಿಟ್ಟ ಮೇಲೆ ಬಂದು ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆ ಒಲೆ ಆರಿಸತೊಡಗಿದರು. ಸಿಹಿನೀರಿನ ಡಬ್ಬಿ ಇದ್ದಲ್ಲಿ ಕುದಿಸಿದ ಶೇಂಗಾ, ಮಸಾಲೆ ಮಜ್ಜಿಗೆ ಬಂದವು. "ರಾತ್ರಿ ಇಶಾ ನಮಾಜ್ ಮುಗಿಸಿ ಸೀದಾ ಮಕ್ಕೋತೀನಿ ತಂಗಿ. ಹಿಂಗ ಮಕ್ಕೊಂಡು ಎಷ್ಟ ವರ್ಷಾಗಿತ್ತೋ" ಎಂದು ಅವರು ಹೇಳಿದಾಗ ಮುಖದಲ್ಲಿ ಹೊಸ ಮದುಮಗನ ಕಳೆ ಇತ್ತು. ಮಕ್ಕಳ ಆಟ ಸಂಜೆಗೆ ಸರಿಯಿತು. ನನಗೆ ಎಲ್ಲಕ್ಕಿಂತ ಆಶ್ಚರ್ಯ ತಂದದ್ದು ಅತ್ತೆಯವರ ನಡೆ. ಅವರ ಧಾರಾವಾಹಿಯಲ್ಲಿ ಸೊಸೆಗೆ ವಿಷ ಹಾಕಿದವರಾರೆಂದು ತಿಳಿಯುವ ವಾರವೇ ಟಿವಿ ಆರಿಸಿ, ಮೊಮ್ಮಗಳ ಪಕ್ಕದಲ್ಲಿ ಮಲಗಿದರು. "ನಾ ಮಕ್ಕೋತೀನಿ, ನೀ ನನ್ನ ಕಾಯಿ" ಎನ್ನುವರು. ಅಜ್ಜಿಯನ್ನು ಕಾಯುವ ಜವಾಬ್ದಾರಿ ಹೊತ್ತ ಮೊಮ್ಮಗಳು ಅಜ್ಜಿಗಿಂತ ಮುಂಚೆ ನಿದ್ದೆ ಹೋಗುವಳು. ಆ ಸೊಸೆಗೆ ವಿಷ ಹಾಕಿದವರು ಯಾರೆಂದು ನಮ್ಮ ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಒಮ್ಮೆಲೇ ಎಲ್ಲವೂ ಸರಿಹೋಯಿತೆಂದು ಹೇಳಿ ತಮ್ಮನ್ನು ಮೋಸಗೊಳಿಸಲಾರೆ. ಭಜಿಯ ವಾಸನೆಗೆ ಅವಳ ಕಾಲು ಇನ್ನೂ ತಡವರಿಸುತ್ತದೆ, ನನ್ನದೂ ಹಾಗೆಯೇ. ಆದರೆ ಈ ಬೇಸಿಗೆಗೆ ಮುಂಚೆ ಚಿತ್ತಾಪುರಕ್ಕೆ ಹೋದಾಗ ಡಾಕ್ಟರರು ಅವಳನ್ನು ಗೋಡೆಗೆ ನಿಲ್ಲಿಸಿ ಅಳೆದು, "ತೂಕ ಅಷ್ಟೇ ಅದ, ಹುಡುಗಿ ಎತ್ತರ ಬೆಳದಾಳ. ನನಗ ಬೇಕಾಗಿದ್ದೂ ಅದೇರಿ" ಎಂದರು. ರಕ್ತದ ಸಕ್ಕರೆ ಗಡಿಯಿಂದ ಹಿಂದೆ ಸರಿದಿತ್ತು. ಕುತ್ತಿಗೆಯ ಕಪ್ಪು ತಿಕ್ಕದೆಯೇ ತಿಳಿಯಾಗುತ್ತಿತ್ತು. "ಹಿಂಗೇ ನಡೀಲಿ, ಬಿಡಬ್ಯಾಡ್ರಿ" ಎಂದು ಹೇಳಿ ಅವರು ಮುಂದಿನ ಮಗುವನ್ನು ಕರೆದರು. ಬಸ್ಸಿನಲ್ಲಿ ವಾಡಿಯ ತನಕ ಯಜಮಾನರು ನಿದ್ದೆ ಮಾಡದೆ ಕುಳಿತದ್ದು ಅದೇ ಮೊದಲು.

ಮೊನ್ನೆ ಬೆಳಗ್ಗೆ ಅವಳು ನಾನು ಕರೆಯುವ ಮುಂಚೆಯೇ ಎದ್ದು, ಕೆದರಿದ ತಲೆಯಲ್ಲಿ ಒಲೆಯ ಮುಂದೆ ಬಂದು ಕುಳಿತು, "ಅವ್ವಾ, ನನಗೊಂದ ಕನಸ ಬಿದ್ದಿತ್ತು" ಎಂದಳು. ಒಂದು ಎಮ್ಮೆ ಟಿಕೆಟ್ಟಿಲ್ಲದೆ ಸೊಲ್ಲಾಪುರದ ಗಾಡಿ ಹತ್ತಿತಂತೆ, ಕಿಟಕಿಯ ಪಕ್ಕದ ಸೀಟೇ ಬೇಕೆಂದಿತಂತೆ, ಶಹಾಬಾದದಲ್ಲಿ ಇಳಿದು ಚಹಾ ಕುಡಿದು ಮತ್ತೆ ಹತ್ತಿತಂತೆ. ಯಜಮಾನರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಯಾವ ಪ್ಲಾಟ್‌ಫಾರಂ?" ಎಂದು ಬಹಳ ಗಂಭೀರವಾಗಿ ಕೇಳಿದರು. ಅತ್ತೆಯವರು ಎಮ್ಮೆ ಯಾರ ಮನೆಯದೆಂದು ವಿಚಾರಿಸಿದರು. ಕನಸು ಮುಗಿಯುವಷ್ಟರಲ್ಲಿ ರೊಟ್ಟಿಯ ಬುಟ್ಟಿ ಖಾಲಿಯಾಗಿ, ಶಾಲೆಯ ವ್ಯಾನು ಹಾರ್ನು ಹೊಡೆದು ಹೋಗಿಯೇಬಿಟ್ಟಿತ್ತು. ಯಾರೂ ಅವಳನ್ನು ಬೈಯಲಿಲ್ಲ. ಅಪ್ಪ ಸೈಕಲ್ಲಿನ ಮೇಲೆ ಬಿಟ್ಟು ಬಂದರು. ದಾರಿಯುದ್ದಕ್ಕೂ ಎಮ್ಮೆಯ ಕಥೆ ಇನ್ನೂ ಉಳಿದಿತ್ತಂತೆ.

ಕಡೆಯದಾಗಿ ತಮ್ಮಲ್ಲಿ ಸಣ್ಣದೊಂದು ವಿನಂತಿ. ತಮಗಿಂತ ಹಳೆಯ ನೌಕರನಾದ ಚಂದ್ರನು ತಿಂಗಳಿಗೊಂದು ದಿನ ಪೂರ್ತಿ ರಜೆ ಹಾಕುತ್ತಾನೆ, ಉಳಿದ ದಿನಗಳಲ್ಲೂ ತಡವಾಗಿ ಬಂದು ಬೇಗ ಹೋಗುತ್ತಾನೆ. ಆದರೂ ಅವನ ಗೌರವ ಕಡಿಮೆಯಾದದ್ದನ್ನು ನಾನು ಕೇಳಿಲ್ಲ. ತಾವು ನರ್ಸಮ್ಮನವರನ್ನು ಮನೆ ಮುಟ್ಟಿಸುವ ಕೆಲಸವನ್ನು ತಪ್ಪದೆ ಮಾಡಬೇಕು, ಮಿಕ್ಕ ಹೊತ್ತಿನಲ್ಲಿ ಒಂದಿಷ್ಟು ಕಣ್ಣು ಮುಚ್ಚಬೇಕು. ಹಾಗೆ ಮಲಗುವುದು ತಮಗೆ ಅಭ್ಯಾಸವಿಲ್ಲದಿದ್ದರೆ ಹೇಳಿ ಕಳಿಸಿ. ನಮ್ಮ ಅತ್ತೆಯವರು ಬಂದು ಪಕ್ಕದಲ್ಲಿ ಮಲಗುತ್ತಾರೆ.

ತಮ್ಮ ಬೆಳಕನ್ನು ದಾರಿಯಲ್ಲಿ ಮಾತ್ರ ಬಯಸುವ,
ತಮ್ಮ ವಿಶ್ವಾಸಿ,
ಶೈಲಶ್ರೀ ಆನಂದಕುಮಾರ
ಸಂಜೀವಿನಿ ನೌಕರರ ಬಡಾವಣೆ, ವಾಡಿ

ತಾ.ಕ.: ತಮ್ಮ ಕಂಬಕ್ಕೆ ಯಾವುದೋ ತಂಪುಪಾನೀಯದ ದೊಡ್ಡ ಫ್ಲೆಕ್ಸ್ ಕಟ್ಟುವರೆಂದೂ, ಅದರಲ್ಲಿ ಬಾಟಲಿ ಹಿಡಿದ ದುಂಡು ಮಗುವೊಂದು ನಗುತ್ತಿರುವುದೆಂದೂ ಸುದ್ದಿಯಿದೆ. ಕಟ್ಟಲಿ, ನಮ್ಮ ಅಭ್ಯಂತರವಿಲ್ಲ. ಚಿಮ್ಮನಚೋಡದ ನನ್ನ ತಮ್ಮನಿಗೆ ತೊಗರಿಯ ರಾಶಿಗೆ ಮುಚ್ಚಲು ಅಷ್ಟೇ ಅಳತೆಯ ಹೊದಿಕೆ ಬೇಕಾಗಿದೆ. ಗಾಳಿ ಬೀಸುವ ದಿನ ತಾವು ಅದನ್ನು ತೀರಾ ಬಿಗಿಯಾಗಿ ಹಿಡಿದುಕೊಳ್ಳದಿದ್ದರೆ ಸಾಕು.